ಬುಗುರಿ ವೈರಸ್ಸಿನ ನೆಂಟ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಫೋಟೋದಮ್ಮ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಕತ್ತಲೆ ಕೋಣೆಯಲ್ಲಿ ಕೂತು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ವೈರಸ್ಸುಗಳ ಫೋಟೋ ತೆಗೆದದ್ದೇ ಬಂತು, ಪತ್ರಿಕೆಗಳಲ್ಲಿ ಅಚ್ಚಾಗುವ ಹೆಸರು ಮಾತ್ರ ಬೇರೆಯವರದು. ಅದನ್ನು ಹೇಗೋ ನುಂಗಿಕೊಂಡಿದ್ದಳು. ಆದರೆ ಒಡಹುಟ್ಟಿದ ತಂಗಿಯೇ ಡಾಕ್ಟರೇಟ್ ಮಾಡಿಕೊಂಡು ಅದೇ ಕಟ್ಟಡಕ್ಕೆ, ಅದೂ ಮೇಲಿನ ಮಹಡಿಗೆ, ವಿಜ್ಞಾನಿಯಾಗಿ ಬಂದಾಗ ಹೊಟ್ಟೆಗೆ ಬೆಂಕಿ ಬಿತ್ತು. ಬೇರೆಯವರ ಮೇಲಿನ ಹೊಟ್ಟೆಕಿಚ್ಚು ಮನೆಗೆ ಹೋದ ಮೇಲಾದರೂ ಆರುತ್ತದೆ. ತಂಗಿಯ ಮೇಲಿನದು ಊಟಕ್ಕೂ ಪಕ್ಕದಲ್ಲೇ ಕೂರುತ್ತದೆ.

ತಂಗಿ ಕಾಯಿಲೆ ಬಿದ್ದ ಕೋಳಿಗಳಲ್ಲಿ ಹೊಸ ವೈರಸ್ ಕಂಡುಹಿಡಿದಳು. ಗೊತ್ತಿರುವ ಯಾವ ಕುಟುಂಬಕ್ಕೂ ಅದು ಸೇರಲಿಲ್ಲ. ಹೊಸ ಕುಟುಂಬವೇ ಬೇಕೆಂದು, ವೈರಸ್ಸುಗಳನ್ನು ವಿಂಗಡಿಸಿ ಹೆಸರಿಡುವ ಸಮಿತಿಗೆ ಅರ್ಜಿ ಹಾಕಿದಳು. ‘ಬುಗುರಿ’ ಎಂಬ ಹೆಸರನ್ನೂ ಸೂಚಿಸಿದಳು. ಒಂಟಿ ವೈರಸ್ ಇಟ್ಟುಕೊಂಡು ಕುಟುಂಬ ಅಂದರೆ ಹೇಗೆ, ನೆಂಟರಿದ್ದರೆ ತೋರಿಸಿ ಎಂದು ಸಮಿತಿ ಉತ್ತರ ಬರೆಯಿತು.

ನೆಂಟ ಇದ್ದ. ಅದು ಗೊತ್ತಿರುವುದು ತನಗೊಬ್ಬಳಿಗೇ ಎಂದು ಅಕ್ಕ ಅಂದುಕೊಂಡಿದ್ದಳು. ಹತ್ತೊಂಬತ್ತು ವರ್ಷಗಳ ಹಿಂದೆ ಬಾತುಕೋಳಿಯ ಮಾದರಿಯಲ್ಲಿ ಅಂಥದೇ, ಬುಗುರಿಯಾಕಾರದ ವೈರಸ್ಸುಗಳನ್ನು ಕಂಡು ಫೋಟೋ ತೆಗೆದಿದ್ದಳು. ಆಗಿನ ಮುಖ್ಯಸ್ಥರು ಅದು ಕಸ, ಬಿಸಾಕು ಎಂದಿದ್ದರು. ಅವಳು ಮಾತು ಕೇಳದೆ ಆ ಮಾದರಿಯ ಒಂದೇ ಒಂದು ಕೊಳವೆಯನ್ನು ಮೈನಸ್ ಎಂಬತ್ತು ಡಿಗ್ರಿಯ ಫ್ರೀಜರಿನ ತಳದಲ್ಲಿ ಉಳಿಸಿದ್ದಳು.

ತಾನು ಕಂಡರೆ ಕಸ, ಅವಳು ಕಂಡರೆ ಕುಟುಂಬ, ಇದ್ಯಾವ ನ್ಯಾಯ ಎಂದು ಕುದಿದಳು. ತಂಗಿ ಆ ಫ್ರೀಜರಿನ ಹಳೆಯ ಡಬ್ಬಿಗಳನ್ನು ತಡಕಲು ಶುರುಮಾಡಿದ ದಿನವೇ ಕೊಳವೆಯನ್ನು ತೆಗೆದು ತನ್ನ ಕೋಣೆಯ ಸಾದಾ ಫ್ರಿಜ್ಜಿನಲ್ಲಿ, ಬಣ್ಣದ ಸೀಸೆಗಳ ಹಿಂದೆ ಬಚ್ಚಿಟ್ಟಳು. ಕರಗಿದರೆ ಅದು ಉಳಿಯುವುದು ಅನುಮಾನವೆಂದು ಗೊತ್ತಿಲ್ಲದವಳೇನಲ್ಲ. ಎರಡು ದಿನಕ್ಕೆ ಏನಾಗುತ್ತದೆ ಅಂದುಕೊಂಡಳು. ಎರಡು ದಿನ ಮೂರು ವಾರವಾಯಿತು.

ಒಂದು ಮಧ್ಯಾಹ್ನ ತಂಗಿ ಹಳೆಯ ರಿಜಿಸ್ಟರ್ ಹಿಡಿದು ಓಡಿಬಂದಳು. ಅದರಲ್ಲಿ ಅಕ್ಕನ ಆ ಫೋಟೋ ಇತ್ತು.

“ಬುಗುರಿ ಥರದ್ದು ಕಂಡೆ ಅಂತ ನೀನು ಮನೇಲಿ ಹೇಳಿದ್ದೆಯಲ್ಲ ಅಕ್ಕಾ, ನಾನಿನ್ನೂ ಶಾಲೇಲಿದ್ದೆ. ಆ ಹೆಸರೇ ಇಟ್ಟೆ. ಹೊಸ ಅರ್ಜಿಯಲ್ಲಿ, ಮೊದಲು ಕಂಡವರು ಅನ್ನೋ ಕಡೆ ನಿನ್ನ ಹೆಸರು ಬರೆದಿದೀನಿ. ಡಬ್ಬಿಯಲ್ಲಿ ಕೊಳವೆ ಇಲ್ಲ. ನೀನೇ ಜೋಪಾನವಾಗಿ ಎಲ್ಲೋ ಇಟ್ಟಿರ್ತೀಯ, ಅಲ್ವಾ?”

ಅಕ್ಕ ಫ್ರಿಜ್ಜಿನ ಬಾಗಿಲು ತೆಗೆದಳು. ಕೊಳವೆಯೊಳಗೆ ನೀರು ಅಲುಗಾಡಿತು. ತಂಗಿ ಅದನ್ನು ನೋಡಿದಳು, ಅಕ್ಕನನ್ನು ನೋಡಿದಳು, ಕೊಳವೆಯನ್ನು ಕೈಗೆತ್ತಿಕೊಂಡಳು.

ವೈರಸ್ ಇನ್ನೂ ಬದುಕಿದೆಯೇ ನೋಡಲು ಅದನ್ನು ಜೀವಕೋಶಗಳಿಗೆ ಹಾಕಿ ಹತ್ತು ದಿನ ಕಾದರು. ಕೋಶಗಳು ಗಟ್ಟಿಮುಟ್ಟಾಗೇ ಇದ್ದವು, ಒಂದಕ್ಕೂ ಸೋಂಕು ತಗಲಲಿಲ್ಲ. ಜೀನು ಓದೋಣವೆಂದರೆ ಅದೂ ಚೂರುಚೂರು. ಬರೀ ಫೋಟೋ ನಂಬಿ ಯಾರೂ ಕುಟುಂಬಕ್ಕೆ ಸೇರಿಸಿಕೊಳ್ಳುವುದಿಲ್ಲ.

ತಂಗಿ ಸಮಿತಿಗೆ ಬರೆದ ಕಾಗದದ ಪ್ರತಿ ಮರುದಿನ ಪ್ರಿಂಟರಿನಲ್ಲಿ ಅಕ್ಕನ ಕೈಗೆ ಸಿಕ್ಕಿತು. ‘ಹಳೆಯ ಮಾದರಿ ನನ್ನ ಅಜಾಗರೂಕತೆಯಿಂದ ಹಾಳಾಯಿತು, ಅರ್ಜಿಯನ್ನು ಹಿಂದಕ್ಕೆ ಪಡೆಯುತ್ತೇನೆ’ ಎಂದಿತ್ತು, ಕೆಳಗೆ ತಂಗಿಯ ಸಹಿ. ಅಕ್ಕ ಅದನ್ನು ಎರಡು ಸಲ ಓದಿದಳು. ಅಳು ಬರಬೇಕಿತ್ತು. ಬಂದದ್ದು ಅದೇ ಹೊಟ್ಟೆಯುರಿ: ತಪ್ಪು ಮಾಡಿದವಳು ತಾನು, ಅಲ್ಲೂ ಅವಳದೇ ಹೆಸರು.