ಸ್ವಲ್ಪ ಸರೀರಿ

ಮಟಕಿ ಊರಿನ ಶಾಲೆಗೆ ವೈರ್‌ಲೆಸ್ ಇಂಟರ್‌ನೆಟ್ ಕೊಡಲು ನಾನು ಶರಣಮ್ಮನವರ ಮಾಳಿಗೆಯ ಮೇಲೆ ಡಿಶ್ ಕೂಡಿಸಿದೆ. ಅಲ್ಲೇ ಇದ್ದ ಕೇಬಲ್‌ನವನ ಇಂಟರ್‌ನೆಟ್ ಡಿಶ್ಶೂ ಅದೇ ಚಾನೆಲ್ಲಿನಲ್ಲಿ, ಅಂದರೆ ಅದೇ ತರಂಗಪಟ್ಟಿಯಲ್ಲಿ ಇತ್ತು. ಎರಡೂ ಕೆಟ್ಟು ಕೂತವು. ಅವನು ಓಡಿಬಂದ. ಅದು ಲೈಸೆನ್ಸ್ ಬೇಡದ ತರಂಗ. ಯಾರು ಬೇಕಾದರೂ ಬಳಸಬಹುದು, ಯಾರೂ ದೂರುವಂತಿಲ್ಲ. ಈ ಒಂದೇ ನಿಯಮ ಹೇಳಿ ಇಬ್ಬರೂ ಅರ್ಧ ತಾಸು ಜಗಳಾಡಿದೆವು.

ತೊಗರಿ ಬುಟ್ಟಿ ಹಿಡಿದು ನಿಂತಿದ್ದ ಶರಣಮ್ಮ, “ಎಷ್ಟೆಷ್ಟು ಜಾಗಾ ಹಿಡದೀರಿ?” ಎಂದರು.

ಇಬ್ಬರೂ ಬೇಕಿದ್ದಕ್ಕಿಂತ ದುಪ್ಪಟ್ಟು ಅಗಲದ ಚಾನೆಲ್ ಹಿಡಿದಿದ್ದೆವು.

“ಬಸ್ಸಿನ್ಯಾಗ ಕಾಲು ಅಗಲಿಸಿ ಕುಂತವ್ರಂಗ ಆತಲ್ರಿ! ಮುದುಡ್ಕೊಂಡು ಸರೀರಿ.”

ಚಾನೆಲ್ ಅರ್ಧಕ್ಕೆ ಇಳಿಸಿ ಅತ್ತಿತ್ತ ಸರಿದೆವು. ಎರಡೂ ಲಿಂಕ್ ಹತ್ತಿದವು. ನಾವು ಬೀಗುತ್ತ ನಿಂತಿದ್ದಾಗ ಅವರು ಬುಟ್ಟಿ ಇಳಿಸಿದರು.

“ಇನ್ನ ಬಿಸಲಾಗಿಂದನೂ ಸರೀರಿ. ತೊಗರಿ ಒಣಗಬೇಕು.”

ಬಿಸಿಲಿಗೂ ಲೈಸೆನ್ಸ್ ಬೇಡ. ಆದರೆ ಆ ನಿಯಮ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ.