ತಾಳವಿಲ್ಲದ ಪದ

ನಮ್ಮೂರು ತಿಕೋಂಡಿಯಲ್ಲಿ ನಮ್ಮ ಮನೆಯ ಎದುರಿಗೆ ಒಬ್ಬ ಚಾಚಾ ಬಟ್ಟೆ ಹೊಲಿಯುತ್ತಿದ್ದರು. ಮೊಹರಮ್ಮಿನ ಕೊನೆಯ ದಿನ ಪಂಜಾ ದೇವರನ್ನು ಹಳ್ಳಕ್ಕೆ ಕಳಿಸುವಾಗ ಅವರು ಒಂದು ಶೋಕದ ಪದ ಹಾಡುತ್ತಿದ್ದರು. ವಿಭೂತಿ ಹಚ್ಚಿದ ನಮ್ಮ ಅಜ್ಜಿಯೂ ಅದನ್ನು ಕೇಳಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ನಾನು ಸಾಂಗ್ಲಿಯಲ್ಲಿ ವಾಯಲಿನ್ ಕಲಿಸುತ್ತಿದ್ದೆ. ಎರಡು ವಾಯಲಿನ್, ಒಂದು ಕೊಳಲು, ಒಂದು ಹಾರ್ಮೋನಿಯಂಗೆ ಆ ಪದ ಹೊಂದಿಸಿ ಒಂದು ರಚನೆ ಮಾಡುವ ಹುಚ್ಚು ಹತ್ತಿತು. ಊರಿಗೆ ಹೋಗಿ, ಒಮ್ಮೆ ಹಾಡಿ ತೋರಿಸಿರೆಂದು ಚಾಚಾನ ಬೆನ್ನು ಬಿದ್ದೆ. ಅವರು ಹೊಲಿಗೆ ಯಂತ್ರದ ಪೆಡಲಿನ ಮೇಲಿಂದ ಕಾಲು ತೆಗೆದು ಕೆಳಗೆ ಕುಳಿತರು.

"ಕಾಲು ಆಡಿದ್ರ ತಾಳ ಬೀಳ್ತದ, ತಮ್ಮಾ. ಈ ಪದಕ್ಕ ತಾಳ ಹಾಕಬಾರ್ದು. ಅಳೋರು ತಾಳ ಹಿಡದು ಅಳ್ತಾರೇನು?"

"ಹಾಕಂಗಿಲ್ರಿ ಚಾಚಾ," ಎಂದು ಮಾತು ಕೊಟ್ಟೆ. ಅವರು ಟೋಪಿ ಸರಿಮಾಡಿಕೊಂಡು ಹಾಡಿದರು. ನಾನು ಬರೆದುಕೊಂಡೆ.

ಕಾರ್ಯಕ್ರಮಕ್ಕೆ ವಾರವಿದ್ದಾಗ ಕೊಳಲಿನವನು, ತಾಳವಿಲ್ಲದಿದ್ದರೆ ಜನ ಆಕಳಿಸುತ್ತಾರೆ ಎಂದ. ಬೇಡ ಎನ್ನಲು ನನಗೆ ಬಾಯಿತ್ತು. ಅನ್ನಲಿಲ್ಲ. ತಬಲಾದವನನ್ನು ನಾನೇ ಕರೆಸಿದೆ. ಇನ್ನೂ ನಾಚಿಕೆಯ ಸಂಗತಿಯೆಂದರೆ, ತಬಲಾ ಸೇರಿದ ಮೇಲೆ ನನಗೆ ಭಾರಿ ಖುಷಿಯಾಯಿತು.

ಚಾಚಾನನ್ನು ಮೊದಲೇ ಕರೆದಿದ್ದೆ. ಎರಡು ಬಸ್ಸು ಬದಲಿಸಿ, ತಾವೇ ಹೊಲಿದ ಹೊಸ ಅಂಗಿ ತೊಟ್ಟು ಬಂದು ಮುಂದಿನ ಸಾಲಿನಲ್ಲಿ ಕುಳಿತರು. ತಬಲಾ ಶುರುವಾದಾಗ ತಲೆ ತಗ್ಗಿಸಿದವರು ಕೊನೆಯವರೆಗೂ ಎತ್ತಲಿಲ್ಲ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಬಾಗಿ ಬಾಗಿ ಕೈಮುಗಿದೆ.

"ಚಲೋ ಬಾರಿಸಿದ್ರಿ. ನಾ ಬರ್ತೀನ್ರಿ," ಎಂದರು ಚಾಚಾ. ಅವತ್ತು ತಮ್ಮಾ ಎನ್ನಲಿಲ್ಲ.

ಮುಂದಿನ ಮೊಹರಮ್ಮಿಗೆ ಊರಿಗೆ ಹೋದೆ. ತಪ್ಪಾಯಿತು ಎನ್ನಬೇಕೆಂದೇ ಹೋಗಿದ್ದೆ. ಹಳ್ಳದ ದಂಡೆಯಲ್ಲಿ ಚಾಚಾ ಕಣ್ಣು ಮುಚ್ಚಿ ಪದ ಎತ್ತಿದರು, ಅದೇ ದನಿ, ಎಲ್ಲೂ ಏನೂ ಬದಲಾಗಿರಲಿಲ್ಲ. ನನಗೂ ಅಳು ಬಂತು. ಎರಡನೇ ಸಾಲಿಗೆ ಅವರು ಕಣ್ಣು ತೆರೆದು ನನ್ನ ಕಡೆ ನೋಡಿದರು. ಮುಖವನ್ನಲ್ಲ, ಕೈಯನ್ನು. ಆಗ ನಾನೂ ನೋಡಿಕೊಂಡೆ. ನನ್ನ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ತಾಳ ಹಾಕುತ್ತಿದ್ದವು.

ಚಾಚಾ ಆ ಸಾಲು ಮುಗಿಸಲಿಲ್ಲ.