ಒದೆಯದೆ ನಿಲ್ಲುವ ಕಾಲು

ಅನಂತರಾಜು ಸೈನ್ಯದಲ್ಲಿದ್ದಾಗ ಲಡಾಖಿನ ಹೆಪ್ಪುಗಟ್ಟಿದ ಕೆರೆಗಳ ಮೇಲೆ ಐಸ್ ಹಾಕಿ ಆಟದ ಗೋಲ್‌ಕೀಪರ್ ಆಗಿದ್ದನೆಂಬುದನ್ನು ಅಲ್ಲಾಳಸಂದ್ರದಲ್ಲಿ ನಂಬಿದವರು ಕಡಿಮೆ. ಹೆಂಡತಿ ನಾಗಲಕ್ಷ್ಮಿ ನಂಬಿದ್ದಳು, ಆದರೆ ಅರ್ಥವಾಗಿರಲಿಲ್ಲ. ರಜೆಗೆ ಬಂದ ಗಂಡನ ಎದೆಯ ಮೇಲೆ ನೀಲಿಗಟ್ಟಿದ ಗುರುತುಗಳನ್ನು ಕಂಡು ಏನಾಯಿತೆಂದು ಕೇಳಿದರೆ, "ತಡೆದೆ ಕಣೇ" ಎಂದಷ್ಟೇ ಹೇಳಿ ಆತ ಊಟಕ್ಕೆ ಕುಳಿತುಬಿಡುತ್ತಿದ್ದ. ಏನನ್ನು, ಹೇಗೆ ತಡೆದನೆಂಬ ಅವಳ ಕುತೂಹಲಕ್ಕೆ ಆತನ ನಿವೃತ್ತಿಯಾದ ಮೇಲೂ ಉತ್ತರ ಸಿಗಲಿಲ್ಲ.

ಈ ವರ್ಷ ಅವಳ ಅಣ್ಣನ ಮಗಳು ಪದ್ಮಶ್ರೀ ರಾಜ್ಯದ ಮಹಿಳಾ ಐಸ್ ಹಾಕಿ ತಂಡದ ಆಯ್ಕೆಗೆ ನಿಂತಳು. ಗೋಲ್‌ಕೀಪರ್‌ಗೆ ಉಳಿದಿದ್ದುದು ಒಂದೇ ಜಾಗ. ವಯಸ್ಸಿನ ಮಿತಿಯಿಂದಾಗಿ ಅವಳಿಗೆ ಇದೇ ಕೊನೆಯ ಅವಕಾಶ. ಅಭ್ಯಾಸ ಮಾಡಿಸಲು ಅನಂತರಾಜು ಹೊರಟಾಗ ನಾಗಲಕ್ಷ್ಮಿಯೂ ಶಾಲು ಹೊದ್ದು ಜೊತೆಗೂಡಿದಳು.

ಹೆಬ್ಬಾಳದಾಚೆಯ ಮಾಲಿನೊಳಗಿನ ಐಸ್ ಅಂಗಳದಲ್ಲಿ, ಪಕ್ ಎಂಬ ಕಪ್ಪು ರಬ್ಬರ್ ಬಿಲ್ಲೆ ಕಲ್ಲಿನಂತೆ ಹಾರಿಬಂದು ಪದ್ಮಶ್ರೀಯ ಎದೆಗವಚಕ್ಕೆ ಬಡಿಯಿತು. ಆ ಸದ್ದಿಗೆ ನಾಗಲಕ್ಷ್ಮಿ ಗಂಡನ ಮುಖ ನೋಡಿದಳು.

"ನಿಮಗೂ ಹಿಂಗೇ ಹೊಡೀತಿತ್ತೇನ್ರೀ?"

"ಇದು ಮೆಲ್ಲಗೆ ಬಂದಿದ್ದು."

ಕಷ್ಟವಿದ್ದುದು ಬೇರೆಡೆ. ಕಾಲೇಜಿನಲ್ಲಿ ಪದ್ಮಶ್ರೀ ಹುಲ್ಲಿನ ಮೈದಾನದ ಹಾಕಿಯಲ್ಲಿ ಗೋಲ್ ಕಾದವಳು; ಅಲ್ಲಿ ಚೆಂಡನ್ನು ಒದ್ದು ದೂರ ಕಳಿಸಬೇಕು. ಐಸ್ ಮೇಲೆ ಒಂದು ಕಾಲೆತ್ತಿದರೆ ಇನ್ನೊಂದು ಜಾರುತ್ತದೆ, ಗೋಲಿನ ಬಾಗಿಲು ತೆರೆದುಬೀಳುತ್ತದೆ. ಪಕ್ಕು ಕೆಳಗೆ ಬಂದಾಗಲೆಲ್ಲ ಅವಳು ಒದ್ದಳು, ಬಿದ್ದಳು.

"ಒದೀಬೇಡ ಅಂದ್ನಲ್ಲಮ್ಮ. ಎರಡೂ ಮಂಡಿ ಒಟ್ಟಿಗೆ ಊರು."

"ನಾನೆಲ್ಲಿ ಮಾವ ಒದೀತೀನಿ, ಕಾಲೇ ಹೋಗುತ್ತೆ."

"ನಂದೂ ಹೋಗ್ತಿತ್ತು. ಮದರಾಸಿ ಭರತನಾಟ್ಯ ಮಾಡ್ತಾನೆ ಅಂತ ಇಡೀ ರೆಜಿಮೆಂಟು ನಗ್ತಿತ್ತು."

ಆಮೇಲೇನಾಯಿತೆಂದು ನಾಗಲಕ್ಷ್ಮಿಯೇ ಕೇಳಿದಳು. ಸ್ಕೇಟಿಂಗ್ ಬಾರದವನು ಗೋಲಿನಲ್ಲಿ ನಿಂತಿರಲಿ ಎಂದು ಅವನನ್ನು ಅಲ್ಲಿಟ್ಟಿದ್ದರಂತೆ. ನಿಂತಲ್ಲೇ ಜಾರುವ ಆ ಜಾಗಕ್ಕೇ ಹೆಚ್ಚು ಸ್ಕೇಟಿಂಗ್ ಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಅವನಿಗೆ ಒಂದು ದಿನ ತಾಯಿ ಸೊಣ್ಣಮ್ಮ ಒದೆಯುವ ಹಸುವಿನ ಹಿಂಗಾಲುಗಳಿಗೆ ಹಗ್ಗ ಕಟ್ಟಿ ಹಾಲು ಕರೆಯುತ್ತಿದ್ದ ರೀತಿ ನೆನಪಾಯಿತು. ಹಾಗೆಯೇ ತನ್ನ ಕಾಲುಗಳಿಗೂ ಹಗ್ಗ ಕಟ್ಟಿಕೊಂಡು ಒಂದು ಚಳಿಗಾಲವಿಡೀ ಅಭ್ಯಾಸ ಮಾಡಿದ. ಮರುವರ್ಷ ಸೈನ್ಯದ ತಂಡಕ್ಕೆ ಅವನೇ ಮೊದಲ ಗೋಲ್‌ಕೀಪರ್.

"ಇಷ್ಟು ವರ್ಷ ಇದನ್ನ ಯಾಕ್ರೀ ಹೇಳ್ಲಿಲ್ಲ?"

"ಹಸು ಥರ ಕಟ್ಟಾಕ್ಕೊಂಡಿದ್ದೆ ಅಂತ ಹೆಂಡ್ತಿ ಹತ್ರ ಹೆಂಗೆ ಹೇಳೋದು?"

ಮರುದಿನ ನಾಗಲಕ್ಷ್ಮಿ ಹಗ್ಗ ತಂದಳು. ತವರಿನಲ್ಲಿ ಹಾಲು ಕರೆದ ಕೈ. ಮಂಡಿಯೂರಲು ಬಿಡುವಷ್ಟು ಸಡಿಲ, ಕಾಲೆತ್ತಲು ಬಿಡದಷ್ಟು ಬಿಗಿಯಾಗಿ ಗಂಟು ಹಾಕಿದಳು.

"ನಾನೇನ್ ಹಸುನಾ ಅತ್ತೆ?"

"ಒದೀತೀಯಲ್ಲ. ಸುಮ್ನೆ ನಿಂತ್ಕೊ."

ಆಯ್ಕೆಯ ದಿನ ಹಗ್ಗವಿರಲಿಲ್ಲ. ಪದ್ಮಶ್ರೀ ಒಂದು ಗೋಲು ಬಿಟ್ಟುಕೊಟ್ಟಳು. ಕೊನೆಯಲ್ಲಿ ಪಕ್ಕು ಅವಳ ಬಲಪಾದದತ್ತ ನೆಲಕ್ಕಂಟಿ ಬಂತು. ಕಾಲು ತುಡಿದದ್ದು ಗ್ಯಾಲರಿಯಲ್ಲಿದ್ದ ನಾಗಲಕ್ಷ್ಮಿಗೂ ಕಾಣಿಸಿತು. ಆದರೆ ಮೇಲೇಳಲಿಲ್ಲ, ಮಂಡಿಗಳೆರಡೂ ಒಟ್ಟಿಗೆ ಕೆಳಗಿಳಿದವು, ಪಕ್ಕು ಪ್ಯಾಡಿಗೆ ಬಡಿದು ನಿಂತಿತು, ಅವಳು ಅದರ ಮೇಲೆ ಕೈಯಿಟ್ಟಳು.

ಸಂಜೆ ತರಬೇತುದಾರ ಭೀಮರಾಜ್ ಓದಿದ ಹೆಸರುಗಳಲ್ಲಿ ಅವಳ ಹೆಸರೂ ಇತ್ತು.

"ಮಾವ, ಪಂದ್ಯ ಲಡಾಖಲ್ಲಂತೆ, ನಿಜವಾದ ಕೆರೆ ಮೇಲೆ. ಒಡೆಯಲ್ವಾ?"

"ಒಡೆಯಲ್ಲ. ಸದ್ದು ಮಾಡುತ್ತೆ."

"ಎಂಥ ಸದ್ದು?" ಎಂದು ಕೇಳಿದವಳು ನಾಗಲಕ್ಷ್ಮಿ. ಅನಂತರಾಜು ಅವಳ ಪಕ್ಕದ ಕುರ್ಚಿಗೆ ಬಂದು ಕುಳಿತು, ಹೇಳತೊಡಗಿದ.